ತೊಂಬತ್ತಾರು ಸಲ ‘ಸರಿಯಿದೆ’

ನಮ್ಮ ಭಾವನಿಗೆ ಮನೆಯವರೆಲ್ಲ ಸೇರಿ ಇಟ್ಟ ಹೆಸರು ಲಿಫ್ಟಪ್ಪ. ಮೂವತ್ತೊಂದು ವರ್ಷ ಲಿಫ್ಟ್ ರಿಪೇರಿ ಮಾಡಿದವರು, ತಾವಿರುವ ಬಾಡಿಗೆ ಮನೆ ಮಾತ್ರ ನೆಲಮಹಡಿಯಲ್ಲೇ ಇರಬೇಕೆಂದು ಹಟ ಹಿಡಿದವರು. “ಯಾಕೆ ಭಾವ, ನಿಮ್ಮ ಕೆಲಸದ ಮೇಲೆ ನಿಮಗೇ ನಂಬಿಕೆ ಇಲ್ವಾ?” ಎಂದು ನಾನು ಕೆಣಕಿದರೆ, “ಹೋಟೆಲ್ ಅಡುಗೆಯವನು ಹೋಟೆಲಲ್ಲಿ ಉಣ್ತಾನೇನೇ? ಅವನಿಗೆ ಒಳಗಿನ ಕಥೆ ಗೊತ್ತಿರುತ್ತೆ” ಎಂದು ನಗುತ್ತಿದ್ದರು.

ಎತ್ತರದ ಆಳು. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಗ್ರೀಸಿನ ಕಪ್ಪು. ಮಾತಿಗಿಂತ ಮೊದಲು ನಗು. ನಾನು ಅವರ ಹೆಂಡತಿಯ ತಂಗಿ, ಶಾಲೆಯಲ್ಲಿ ಮಕ್ಕಳಿಗೆ ಚಿತ್ರ ಕಲಿಸುವವಳು. ಹಾಗಾಗಿ ಅವರ ಬಾಯಲ್ಲಿ ನಾನು ‘ಮೇಡಂ’. ಆಗಸ್ಟಿನಿಂದ ಈಚೆಗೆ ಅವರು ನನ್ನನ್ನು ಮೇಡಂ ಎಂದೂ ಕರೆದಿಲ್ಲ, ಬೇರೆ ಏನೆಂದೂ ಕರೆದಿಲ್ಲ. ಯಾಕೆ ಎಂದು ಹೇಳುವುದಕ್ಕೇ ಇಷ್ಟನ್ನೂ ಬರೆಯುತ್ತಿದ್ದೇನೆ. ಓದಿದವರು ನನ್ನನ್ನು ಬೈದರೂ ಬೇಜಾರಿಲ್ಲ, ನನ್ನನ್ನು ನಾನೇ ಬೈದುಕೊಂಡಷ್ಟು ಅವರು ಬೈಯಲಾರರು.

ಪ್ರತಿ ವರ್ಷ ಡಿಸೆಂಬರಿನ ಕೊನೆಯ ಭಾನುವಾರ ಭಾವ ಕಂಕುಳಲ್ಲಿ ಒಂದು ಡ್ರಾಯಿಂಗ್ ಶೀಟಿನ ಸುರುಳಿ ಇಟ್ಟುಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಮುಂದಿನ ವರ್ಷ ತಾವು ಏನೇನು ಮಾಡಬೇಕು ಎಂದು ಅವರು ಹೇಳುವುದು, ನಾನು ತಿಂಗಳಿಗೊಂದು ಚೌಕ ಎಳೆದು ದುಂಡಗೆ ಬರೆಯುವುದು. “ನನ್ನ ಅಕ್ಷರದಲ್ಲಿದ್ರೆ ನನಗೇ ಅದರ ಮೇಲೆ ಗೌರವ ಇರಲ್ಲ. ನಿನ್ನ ಅಕ್ಷರ ನೋಡಿದ್ರೆ ಮಾತು ಕೇಳ್ಬೇಕು ಅನ್ಸುತ್ತೆ” ಎನ್ನುವುದು ಅವರ ವಾದ. ಕೇಳಿದ್ದು ಮಾತ್ರ ಒಂದು ವರ್ಷವೂ ಇಲ್ಲ. ಎಲ್ಲ ಬರೀ ಆರಂಭಶೂರತ್ವ. ಒಮ್ಮೆ ನಡುಮನೆಗೆ ತಾವೇ ಬಣ್ಣ ಹೊಡೆಯುತ್ತೇನೆಂದು ಏಣಿ ಹತ್ತಿದರು. ಅರ್ಧ ಗೋಡೆ ಆಗುವಾಗ ಎಲ್ಲೋ ಲಿಫ್ಟ್ ಸಿಕ್ಕಿಹಾಕಿಕೊಂಡಿತೆಂದು ಫೋನ್ ಬಂತು, ಇಳಿದವರು ಮತ್ತೆ ಹತ್ತಲಿಲ್ಲ. ಆ ನಡುಮನೆ ಇವತ್ತಿಗೂ ಅರ್ಧ ನೀಲಿ, ಅರ್ಧ ಸುಣ್ಣ. ಇನ್ನೊಂದು ವರ್ಷ ದಿನಾ ಸಂಜೆ ಅಕ್ಕನ ಜೊತೆ ವಾಕಿಂಗ್ ಎಂದು ಬರೆಸಿದರು. ನಾಲ್ಕನೇ ದಿನದಿಂದ ಅಕ್ಕ ಒಬ್ಬಳೇ ಹೋಗುತ್ತಿದ್ದಳು. “ನಿನ್ನ ಭಾವನ್ನ ಕಟ್ಕೊಂಡಿರೋದು ನಾನಲ್ಲ ಕಣೆ, ಆ ಲಿಫ್ಟು” ಎಂದು ಅವಳು ನಗುತ್ತಲೇ ಹೇಳುತ್ತಿದ್ದಳು. ಆ ನಗು ನನಗೆ ಸೇರುತ್ತಿರಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಬಂದಾಗ ಭಾವನ ಮುಖ ಬೇರೆ ಥರ ಇತ್ತು. ಇನ್ನೊಂದು ವರ್ಷಕ್ಕೆ ನಿವೃತ್ತಿ. ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಅದನ್ನು ಆಫೀಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಹಾಸಿಗೆಯ ಮೇಲೆ ಶೀಟ್ ಹರಡಿ, “ಮೇಡಂ, ಈ ಸಲ ಒಂದು ಸಾಲೂ ತಪ್ಪಬಾರದು. ಮೂವತ್ತು ವರ್ಷ ಕಂಡೋರ ಮನೆ ಲಿಫ್ಟಿಗೆ ಕೊಟ್ಟಾಯ್ತು, ಈ ಒಂದು ವರ್ಷ ನಂದು” ಎಂದರು. ಫೆಬ್ರವರಿಯಲ್ಲಿ ಕಣ್ಣಿನ ಆಪರೇಷನ್. ಮೇ ತಿಂಗಳಲ್ಲಿ ಈಜು ಕಲಿಯುವುದು. ಆಗಸ್ಟಿನಲ್ಲಿ, ಹದಿನಾಲ್ಕು ವರ್ಷದಿಂದ ಮಾತು ಬಿಟ್ಟಿರುವ ಅಣ್ಣನ ಊರಿಗೆ ಹೋಗಿ ಮೂರು ವಾರ ಇದ್ದು ರಾಜಿಯಾಗಿ ಬರುವುದು. ವರ್ಷಪೂರ್ತಿ, ಸಂಜೆ ಆರಕ್ಕೆ ಮನೆಯಲ್ಲಿರುವುದು. ಕೊನೆಯದನ್ನು ಕೆಂಪು ಶಾಯಿಯಲ್ಲಿ ಬರೆಯಲು ಹೇಳಿದರು.

ನಾನು ಪೆನ್ನಿನ ಮುಚ್ಚಳ ಹಾಕುವಷ್ಟರಲ್ಲಿ ಅವರು ಚೀಲದಿಂದ ರಬ್ಬರ್ ಬ್ಯಾಂಡ್ ಹಾಕಿದ ಕಾರ್ಡುಗಳ ಕಟ್ಟು ತೆಗೆದರು. ಅವರ ಪಾಲಿಗೆ ಎಂಟು ಕಟ್ಟಡ. ತಿಂಗಳಿಗೊಮ್ಮೆ ಹೋಗಿ ಲಿಫ್ಟನ್ನು ಪರೀಕ್ಷೆ ಮಾಡಿ, ಒಳಗೋಡೆಯ ಗಾಜಿನ ಹಿಂದೆ ಹೊಸ ಕಾರ್ಡು ಸಿಕ್ಕಿಸಬೇಕು. ತಾರೀಖು, ‘ಬಾಗಿಲು, ಹಗ್ಗ, ಬ್ರೇಕು ಸರಿಯಿದೆ’, ಸಹಿ. ಅಷ್ಟೇ. ಎಂಟು ಲಿಫ್ಟು, ಹನ್ನೆರಡು ತಿಂಗಳು, ತೊಂಬತ್ತಾರು ಕಾರ್ಡು.

“ಎಲ್ಲಾನೂ ಈಗ್ಲೇ ಬರೆದುಬಿಡು. ಲಿಫ್ಟಿನ ಮಿಣುಕು ದೀಪದಲ್ಲಿ ನನಗೆ ಗೆರೆ ಕಾಣಲ್ಲ. ವಕ್ರವಕ್ರ ಬರೆದ್ರೆ ಆಫೀಸಲ್ಲಿ ಕಣ್ಣಿನ ವಿಷಯ ಗೊತ್ತಾಗುತ್ತೆ.”

“ಮಾಡದೇ ಇರೋ ಕೆಲಸಕ್ಕೆ ಮಾಡಿದೆ ಅಂತ ಬರೀಲಾ?”

“ಕೆಲಸ ಆಯಾ ತಿಂಗಳು ಮಾಡ್ತೀನಮ್ಮ. ಬರೆಯೋದು ಮಾತ್ರ ಮೊದಲು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲ್ಸಲ್ವಾ ಜನ, ಹಂಗೆ.”

ನನಗೆ ನಗು ಬಂತು, ಬರೆದೆ. ಇದೇ ನನ್ನ ತಪ್ಪು, ಬೇರೆಯವರ ತಲೆಗೆ ಕಟ್ಟುವುದಿಲ್ಲ. ಟೀ ಕುಡಿಯುತ್ತ, ಮಧ್ಯೆ ಮಧ್ಯೆ ಹರಟುತ್ತ, ಇನ್ನೂ ಬಾರದ ತಾರೀಖುಗಳ ಮುಂದೆ ತೊಂಬತ್ತಾರು ಸಲ ‘ಸರಿಯಿದೆ’ ಎಂದು ಬರೆದೆ. ಐವತ್ತು ದಾಟಿದ ಮೇಲೆ ಆ ಪದಕ್ಕೆ ಅರ್ಥವೇ ಉಳಿಯಲಿಲ್ಲ, ಬರೀ ಗೆರೆಗಳಾಗಿ ಕಂಡಿತು. ಭಾವ ಪಕ್ಕದಲ್ಲಿ ಕುಳಿತು ನಾನು ಬೆರಳಿಟ್ಟು ತೋರಿಸಿದ ಜಾಗದಲ್ಲಿ ಸಹಿ ಹಾಕುತ್ತ ಹೋದರು.

ಲಿಫ್ಟ್ ಪರೀಕ್ಷೆ ಎಂದರೆ ಏನೆಂದು ಆವತ್ತೇ ಕೇಳಿದೆ. ಹೇಳಿದರು. ಹಳೆಯ ಲಿಫ್ಟುಗಳಲ್ಲಿ ಪ್ರತಿ ಮಹಡಿಯಲ್ಲೂ ಕೈಯಿಂದ ಎಳೆದು ತೆಗೆಯುವ ಕಬ್ಬಿಣದ ಬಾಗಿಲು ಇರುತ್ತದೆ. ಲಿಫ್ಟ್ ಬಂದು ನಿಂತರೆ ಮಾತ್ರ ಅದರ ಬೀಗ ಬಿಟ್ಟುಕೊಳ್ಳಬೇಕು. ಹಾಗಾಗಿ ಲಿಫ್ಟನ್ನು ಬೇರೆ ಮಹಡಿಗೆ ಕಳಿಸಿ, ಒಂದೊಂದು ಬಾಗಿಲನ್ನೂ ಮೈಯ ಬಲವೆಲ್ಲ ಹಾಕಿ ಜಗ್ಗಿ ನೋಡಬೇಕು. “ಹಗ್ಗ ಹರಿದು ಸಾಯೋದೆಲ್ಲ ಸಿನಿಮಾದಲ್ಲಿ. ಜನ ಸಾಯೋದು ಬಾಗಿಲಲ್ಲಿ. ಮಾತಾಡ್ತಾ ಬಾಗಿಲು ಎಳೀತಾರೆ, ಲಿಫ್ಟ್ ಇದೆ ಅಂತ ಕಾಲಿಡ್ತಾರೆ. ಇರಲ್ಲ.” ಹೀಗೆ ಹೇಳಿ ಮುಂದಿನ ಕಾರ್ಡಿಗೆ ಸಹಿ ಹಾಕಿದರು.

ವರ್ಷ ಶುರುವಾಯಿತು. ಯಾವತ್ತೂ ಇಲ್ಲದಂತೆ ಯೋಜನೆ ಕೈಹಿಡಿಯಿತು. ಫೆಬ್ರವರಿಯಲ್ಲಿ ಕಣ್ಣು ಚೆನ್ನಾಗಿ ಆಯಿತು. ಒಂದು ತಿಂಗಳು ಬಗ್ಗಬಾರದು, ಭಾರ ಎತ್ತಬಾರದು, ಬಲ ಹಾಕಬಾರದು ಎಂದರು ಡಾಕ್ಟರು. ಆ ತಿಂಗಳು ಕಾರ್ಡು ಬದಲಾಯಿಸುವ ಕೆಲಸ ಅಕ್ಕ ವಹಿಸಿಕೊಂಡಳು. ಸಂಜೆ ವಾಕಿಂಗ್ ಹೊರಟವಳು ದಿನಕ್ಕೆರಡು ಕಟ್ಟಡದಂತೆ ಹೋಗಿ, ಲಿಫ್ಟಿನೊಳಗೆ ನಿಂತು, ಪುಟ್ಟ ಕೀಲಿಯಿಂದ ಗಾಜು ತೆಗೆದು ಹಳೆಯದನ್ನು ಚೀಲಕ್ಕೆ ಹಾಕಿ ಹೊಸದನ್ನು ಸಿಕ್ಕಿಸಿ ಬರುತ್ತಿದ್ದಳು. ಮನೆಗೆಲಸದ ಹೆಂಗಸೊಬ್ಬಳು ಗಾಜು ಒರೆಸುತ್ತಿದ್ದಾಳೆ ಎಂದುಕೊಂಡಿರಬೇಕು ಜನ. “ನೋಡಿದ್ಯಾ, ನಾನೂ ಮೆಕ್ಯಾನಿಕ್ ಆದೆ” ಎಂದು ಅಕ್ಕ ಬೀಗಿದಳು. ಎಂಟು ಲಿಫ್ಟುಗಳೂ ಎಂದಿನಂತೆ ಹತ್ತಿದವು, ಇಳಿದವು. ಮಾರ್ಚಿನಲ್ಲಿ ಭಾವ ಒಂದು ಸುತ್ತು ಹೋಗಿ ನಿಜವಾಗಿಯೇ ನೋಡಿ ಬಂದರು. ಏಪ್ರಿಲ್‌ನಲ್ಲಿ ಮತ್ತೆ ಅಕ್ಕನ ಸರದಿ. ನೋಡದೆ ಬಿಟ್ಟ ತಿಂಗಳಿಗೂ ನೋಡಿದ ತಿಂಗಳಿಗೂ ಏನೂ ವ್ಯತ್ಯಾಸ ಕಾಣಲಿಲ್ಲವಲ್ಲ, ಅದೇ ಅವರನ್ನು ಕೆಡಿಸಿತು.

ಮೇ ತಿಂಗಳಲ್ಲಿ ಅವರ ಈಜು ನೋಡಲು ಅಕ್ಕ ನನ್ನನ್ನೂ ಕರೆದುಕೊಂಡು ಹೋದಳು. ಐವತ್ತೊಂಬತ್ತು ವರ್ಷದ ಮನುಷ್ಯ ನೀರಿನ ಮೇಲೆ ಅಂಗಾತ ಮಲಗಿ, ಹೊಸ ಕಣ್ಣಿನಲ್ಲಿ ಆಕಾಶ ನೋಡುತ್ತ ಮಗುವಿನ ಹಾಗೆ ನಗುತ್ತಿದ್ದರು. ಇಷ್ಟು ವರ್ಷ ಇವರು ಈ ಸುಖ ಇಲ್ಲದೆ ಹೇಗಿದ್ದರು ಎನ್ನಿಸಿತು. ಬೆಂಚಿನ ಮೇಲಿದ್ದ ಅವರ ಅಂಗಿಯ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳತೊಡಗಿತು. ಅಕ್ಕ ಅದನ್ನು ತೆಗೆದು, ಯಾರದೆಂದು ನೋಡದೆ, ಗುಂಡಿ ಒತ್ತಿ ಆರಿಸಿದಳು. “ಅರ್ಧ ಗಂಟೆ. ಅರ್ಧ ಗಂಟೇಲಿ ಯಾರ ಪ್ರಾಣವೂ ಹೋಗಲ್ಲ” ಎಂದಳು. ನೀರು ಬಿಸಿಲಿಗೆ ಮಿನುಗುತ್ತಿತ್ತು.

ಜೂನಿನಲ್ಲಿ ಕೇಳಿಯೇಬಿಟ್ಟೆ. “ಭಾವ, ಬಾಗಿಲು ಜಗ್ಗಿ ನೋಡ್ತಿದ್ದೀರಿ ತಾನೆ?”

“ಮೇಡಂ, ನಾನು ಮೂವತ್ತೊಂದು ವರ್ಷ ಅವುಗಳ ಜೊತೆ ಸಂಸಾರ ಮಾಡಿದೀನಿ. ಕೆಡೋ ಮುಂಚೆ ಅವೇ ಹೇಳ್ತವೆ.”

ಉತ್ತರ ಹೌದು ಎಂದೂ ಇರಲಿಲ್ಲ, ಇಲ್ಲ ಎಂದೂ ಇರಲಿಲ್ಲ. ನಾನು ಮತ್ತೆ ಕೇಳಲಿಲ್ಲ.

ಆಗಸ್ಟ್ ಐದಕ್ಕೆ ಅವರು ಅಣ್ಣನ ಊರಿಗೆ ಹೊರಟರು, ಒಂದು ಹಗಲು ಒಂದು ರಾತ್ರಿಯ ರೈಲು. ಹೊರಡುವ ಗಡಿಬಿಡಿಯಲ್ಲಿ ಆ ತಿಂಗಳ ಕಾರ್ಡುಗಳನ್ನೂ ಅಕ್ಕನೇ ಹಾಕಿ ಬಂದಳು. ಅಣ್ಣ ಸ್ಟೇಷನ್ನಿಗೇ ಬಂದು ತಬ್ಬಿಕೊಂಡು ಅತ್ತರಂತೆ. ಫೋನಿನಲ್ಲಿ ಅದನ್ನು ಹೇಳುವಾಗ ಭಾವನೂ ಅತ್ತರು.

ಇಪ್ಪತ್ತನೇ ತಾರೀಖು, ಗುರುವಾರ. ಶಾಲೆಯ ಮಕ್ಕಳ ಚಿತ್ರಗಳಿಗೆ ಚೌಕಟ್ಟು ಹಾಕಿಸಲು ಒಂದು ಐದು ಮಹಡಿಯ ಹಳೆಯ ಕಟ್ಟಡಕ್ಕೆ ಹೋಗಿದ್ದೆ. ಚೌಕಟ್ಟಿನವನ ಅಂಗಡಿ ಐದನೇ ಮಹಡಿಯಲ್ಲಿತ್ತು. ಲಿಫ್ಟ್ ಹತ್ತಿದಾಗ ಗಾಜಿನ ಹಿಂದೆ ನನ್ನದೇ ಅಕ್ಷರ ಕಂಡಿತು: ಆಗಸ್ಟ್ ನಾಲ್ಕು, ಬಾಗಿಲು, ಹಗ್ಗ, ಬ್ರೇಕು ಸರಿಯಿದೆ. ಮೊದಲು ನಗು ಬಂತು. ನಾಲ್ಕನೇ ಮಹಡಿ ದಾಟುವಾಗ ಹೊರಗೆ ಜೋರು ಮಾತು ಕೇಳಿಸಿತು. ಐದರಲ್ಲಿಳಿದು ಮೆಟ್ಟಿಲಿನಿಂದ ಬಗ್ಗಿ ನೋಡಿದೆ. ಕೋಲು ಹಿಡಿದ ಅಜ್ಜಿಯೊಬ್ಬರು ಕಟ್ಟಡದ ಕಾರ್ಯದರ್ಶಿಯ ಜೊತೆ ಜಗಳವಾಡುತ್ತಿದ್ದರು.

“ನಿನ್ನೆ ಬಾಗಿಲು ಎಳೆದ್ರೆ ಬಂದುಬಿಡ್ತಪ್ಪ. ಲಿಫ್ಟೇ ಇರ್ಲಿಲ್ಲ. ನನ್ನ ಕೋಲು ಒಳಗೆ ಹೋಗಿ ಗಾಳೀಲಿ ಆಡ್ತು.”

“ಅಜ್ಜೀ, ನಿಮಗೆ ಸರಿಯಾಗಿ ಕಂಡಿರಲ್ಲ. ಕಂಪನಿಯವರು ಈ ತಿಂಗಳು ಬಂದು ನೋಡಿ, ಬಾಗಿಲು ಸರಿಯಿದೆ ಅಂತ ಬರೆದು ಸಹಿ ಹಾಕಿ ಹೋಗಿದಾರೆ. ಕಾರ್ಡಲ್ಲೇ ಇದೆ. ಎಷ್ಟು ನೀಟಾಗಿ ಬರೆದಿದಾರೆ, ಓದ್ಕೊಳ್ಳಿ.”

ಆ ದುಂಡು ಅಕ್ಷರ ಬರೀ ಸುಳ್ಳು ಹೇಳಿ ಸುಮ್ಮನಿರಲಿಲ್ಲ, ನಿಜ ಹೇಳುತ್ತಿದ್ದ ಮುದುಕಿಯ ಬಾಯನ್ನೂ ಮುಚ್ಚಿಸುತ್ತಿತ್ತು.

ಅಲ್ಲೇ ಮೆಟ್ಟಿಲ ಮೇಲೆ ಕುಳಿತು ಭಾವನಿಗೆ ಫೋನ್ ಮಾಡಿದೆ. ಎಲ್ಲ ಕೇಳಿ ಅವರು, “ಬೀಗದ ಸ್ಪ್ರಿಂಗ್ ಸವೆದಿರ್ಬೇಕು” ಎಂದರು.

“ಕೊನೇ ಸಲ ಯಾವಾಗ ನೋಡಿದ್ರಿ?”

“ಮಾರ್ಚು.”

“ಆಫೀಸಿಗೆ ಫೋನ್ ಮಾಡಿ ಭಾವ. ಈಗ್ಲೇ.”

“ಮಾಡಿದ್ರೆ ಮೊದಲು ಕಾರ್ಡ್ ತೆಗೀತಾರೆ. ತೆಗೆದ್ರೆ ನನ್ನ ಕಥೆ ಮುಗೀತು. ನಾಲ್ಕು ತಿಂಗಳಿದೆ ಕಣಮ್ಮ, ನಾಲ್ಕೇ ತಿಂಗಳು. ಇವತ್ತೇ ಹೊರಡೋಣ ಅಂದ್ರೆ ರೈಲಿರೋದು ಶನಿವಾರ. ಭಾನುವಾರ ಬೆಳಿಗ್ಗೆ ಸ್ಟೇಷನ್ನಿಂದ ಸೀದಾ ಅಲ್ಲಿಗೇ ಹೋಗ್ತೀನಿ. ಅರ್ಧ ಗಂಟೆ ಕೆಲಸ. ಅಲ್ಲೀವರೆಗೂ ಲಿಫ್ಟ್ ಕೆಟ್ಟಿದೆ ಅಂತ ಬೋರ್ಡ್ ಹಾಕ್ಸು.”

ಚೌಕಟ್ಟಿನವನಿಂದ ರಟ್ಟು ಬೇಡಿ, ‘ಲಿಫ್ಟ್ ಕೆಟ್ಟಿದೆ, ಬಾಗಿಲು ಎಳೆಯಬೇಡಿ’ ಎಂದು ಬರೆದು ನಾಲ್ಕನೇ ಮಹಡಿಯಲ್ಲಿ ನೇತುಹಾಕಿದೆ. ಕೆಳಗಿಳಿದು, ಕಟ್ಟಡದ ಬಾಗಿಲಲ್ಲಿದ್ದ ಹಣ್ಣಿನಂಗಡಿಯವನ ಪಕ್ಕ ನಿಂತು ನೋಡುತ್ತಿದ್ದೆ. ಕಾಲು ಗಂಟೆಯಲ್ಲಿ ಕಾರ್ಯದರ್ಶಿ ಅದನ್ನು ಹರಿದು ಕೈಯಲ್ಲಿ ಹಿಡಿದುಕೊಂಡು ಲಿಫ್ಟಿನಲ್ಲೇ ಕೆಳಗಿಳಿದು ಬಂದರು. ಓಡುತ್ತಿರುವ ಲಿಫ್ಟಿಗೆ ಕೆಟ್ಟಿದೆ ಎಂದು ಬರೆದ ಪುಂಡರು ಯಾರು ಎಂದು ಬೈಯುತ್ತಿದ್ದರು. ನಾನು ಎಂದು ಹೇಳಿದ್ದರೆ, ನಿಮಗೆ ಹೇಗೆ ಗೊತ್ತು ಎಂದು ಕೇಳುತ್ತಿದ್ದರು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡ ಹಾಗಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮನೆಗೆ ಬಂದೆ.

ಆ ರಾತ್ರಿ ನಾನು ಮಾಡಿದ ಲೆಕ್ಕ ಇಷ್ಟು. ಒಂದು ಕಡೆ ನನ್ನ ಭಾವನ ಮೂವತ್ತೊಂದು ವರ್ಷ, ಒಂದೂ ಕಪ್ಪುಚುಕ್ಕೆ ಇಲ್ಲದ್ದು. ಇನ್ನೊಂದು ಕಡೆ ಎರಡೂವರೆ ದಿನ, ಆ ಬಾಗಿಲನ್ನು ಎಳೆಯುವ ಯಾರದೋ ಕೈ. ಪಕ್ಕದ ಮನೆಯ ಬಾಗಿಲು ಬಡಿದುಕೊಂಡರೂ ಬೆಚ್ಚಿ ಬೀಳುತ್ತಿದ್ದೆ.

ಶುಕ್ರವಾರ ಮಧ್ಯಾಹ್ನ ರಜೆ ಹಾಕಿ ಮತ್ತೆ ಹೋದೆ. ನಾಲ್ಕನೇ ಮಹಡಿಗೆ ಮೆಟ್ಟಿಲಲ್ಲೇ ಹತ್ತಿದೆ. ಯಾರೂ ಇರಲಿಲ್ಲ. ಲಿಫ್ಟ್ ಕೆಳಗೆಲ್ಲೋ ನಿಂತಿತ್ತು. ಅಜ್ಜಿಗೆ ಕಣ್ಣು ಮಂಜಾಗಿರಬಹುದು, ಕಾರ್ಯದರ್ಶಿ ಹೇಳಿದ್ದೇ ನಿಜವಿರಬಹುದು ಎಂದು ಇನ್ನೂ ಒಂದು ಆಸೆ. ಎರಡೂ ಕಾಲು ಊರಿ, ಗೋಡೆಗೆ ಒಂದು ಕೈ ಕೊಟ್ಟು ಹಿಡಿ ಎಳೆದೆ. ಬಲವೇ ಬೇಕಾಗಲಿಲ್ಲ. ಬೀರುವಿನ ಬಾಗಿಲಿನಷ್ಟು ಸಲೀಸಾಗಿ ಬಂತು. ಆಚೆ ಕತ್ತಲು, ಗ್ರೀಸಿನ ವಾಸನೆ, ಕೆಳಗಿನಿಂದ ಬರುವ ತಣ್ಣನೆ ಗಾಳಿ, ಅಲುಗದೆ ನಿಂತ ನಾಲ್ಕು ಹಗ್ಗ. ಆಳದಲ್ಲಿ ಲಿಫ್ಟಿನ ನೆತ್ತಿ ಒಂದು ಬೂದು ಚೌಕವಾಗಿ ಕಾಣುತ್ತಿತ್ತು. ನಾನು ಬಾಗಿಲು ಮುಚ್ಚಿ ಅದಕ್ಕೆ ಬೆನ್ನು ಕೊಟ್ಟು ನಿಂತೆ.

ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ. ಅಜ್ಜಿ ಚೀಲ ಹಿಡಿದು ಮನೆಯಿಂದ ಹೊರಬಂದರು. “ಸರಿಯಮ್ಮ, ಕೆಳಗೆ ಹೋಗ್ಬೇಕು.” ನಾನು ಸರಿಯಲಿಲ್ಲ. “ಬೇಡ ಅಜ್ಜಿ, ಮೆಟ್ಟಿಲಲ್ಲಿ ಹೋಗಿ.” “ಈ ಮಂಡಿ ಇಟ್ಕೊಂಡಾ?” ಮಾತಿಗೆ ಮಾತು ಬೆಳೆಯಿತು. ಎದುರು ಮನೆಯವರು ಬಂದರು. ಯಾರೋ ಕಾರ್ಯದರ್ಶಿಯನ್ನು ಕರೆತಂದರು. ಅವರು ತಮ್ಮ ಬಳಿಯಿದ್ದ ಕೀಲಿಯಿಂದ ಗಾಜು ತೆಗೆದು ಆ ಕಾರ್ಡನ್ನೇ ಹಿಡಿದು ಬಂದಿದ್ದರು, ನನ್ನ ಮುಖದೆದುರು ಹಿಡಿದರು.

“ಓದೋಕೆ ಬರುತ್ತಾ ನಿಮಗೆ? ಯಾರ್ರೀ ನೀವು?”

ಇನ್ನೂ ಏನಾದರೂ ಸುಳ್ಳು ಹೊಳೆಯುತ್ತದೆಯೇ ಎಂದು ಹುಡುಕಿದೆ. ಹೊಳೆಯಲಿಲ್ಲ.

“ಅದನ್ನ ಬರೆದೋಳು ನಾನೇ” ಎಂದೆ. “ಹೋದ ಡಿಸೆಂಬರಲ್ಲಿ, ನಮ್ಮನೆ ಹಾಸಿಗೆ ಮೇಲೆ ಕೂತು ಬರೆದೆ. ಈ ಬಾಗಿಲನ್ನ ಮಾರ್ಚಿಂದ ಯಾರೂ ನೋಡಿಲ್ಲ.”

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಸಂಜೆಯೊಳಗೆ ಕಂಪನಿಯಿಂದ ಇಬ್ಬರು ಬಂದರು. ಸ್ಪ್ರಿಂಗ್ ಸವೆದಿರಲಿಲ್ಲ, ತುಂಡೇ ಆಗಿತ್ತು. ಭಾವ ಹೇಳಿದ್ದಂತೆ ಅರ್ಧ ಗಂಟೆಯ ಕೆಲಸ. ಮಾರನೆಯ ದಿನ ಉಳಿದ ಏಳು ಲಿಫ್ಟುಗಳನ್ನೂ ನೋಡಿದರು, ಎಲ್ಲ ಸರಿಯಾಗಿದ್ದವು. ಕಾರ್ಡುಗಳನ್ನೆಲ್ಲ ಒಟ್ಟುಮಾಡಿ ಒಯ್ದರು. ಭಾನುವಾರ ಬೆಳಿಗ್ಗೆ ಭಾವ ರೈಲಿಳಿದು, ಅಣ್ಣನ ಮನೆಯಿಂದ ಬೇಡಿ ತಂದ ಸ್ಪ್ಯಾನರುಗಳನ್ನು ಹಿಡಿದು ಆ ಕಟ್ಟಡಕ್ಕೆ ಹೋದರೆ, ಕಾರ್ಯದರ್ಶಿ ಗೇಟಿನಲ್ಲೇ ತಡೆದರಂತೆ. ಸೋಮವಾರ ಆಫೀಸಿನಲ್ಲಿ ಐದು ನಿಮಿಷವೂ ಆಗಲಿಲ್ಲ. ಮೂವತ್ತೊಂದು ವರ್ಷದ ಮನುಷ್ಯನನ್ನು ಕೂರಿಸದೆ, ನಿಲ್ಲಿಸಿಕೊಂಡೇ ಕಾಗದ ಕೊಟ್ಟು ಕಳಿಸಿದರು. ಈಗ ಅವರು ಬೆಳಿಗ್ಗೆಯಿಂದ ಸಂಜೆವರೆಗೆ ಆ ಅರ್ಧ ನೀಲಿ ಗೋಡೆಯ ಎದುರು ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ ಎಂದು ಕೇಳಿದ್ದೇನೆ. ಈಜಿಗೂ ಹೋಗುವುದಿಲ್ಲವಂತೆ.

ಚೌಕಟ್ಟು ತರಲು ಹೋದಾಗ ಅಜ್ಜಿ ಸಿಕ್ಕಿದರು. ನನ್ನ ಗುರುತು ಹಿಡಿದು, “ಅಷ್ಟು ಕೂಗಾಡೋದೇನಿತ್ತಮ್ಮ? ಬಾಗಿಲು ಹಾಳಾಗಿದೆ ಅಂತ ನನಗೆ ಗೊತ್ತಿತ್ತಲ್ಲ. ಕೋಲು ಮುಂದಿಟ್ಟು ನೋಡ್ಕೊಂಡೇ ನಾನು ಕಾಲಿಡೋದು” ಎಂದರು.

ಅಕ್ಕ ಒಂದೇ ಸಲ ಬಂದಿದ್ದಳು. ಒಳಗೆ ಬಾ ಎಂದರೂ ಬರಲಿಲ್ಲ, ಹೊಸಿಲಿನ ಆಚೆಯೇ ನಿಂತಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. “ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಕಣೆ. ಆರು ಗಂಟೆಗೆ ಮನೆಗೆ ಬರ್ತಿದ್ರು ಅವರು. ಏಳು ತಿಂಗಳು, ಒಂದು ದಿನ ತಪ್ಪದೆ” ಎಂದಳು. ಹೊರಡಲು ತಿರುಗಿದವಳು, “ಎರಡೇ ದಿನ ತಡ್ಕೊಂಡಿದ್ರೆ ಅವರೇ ಬಂದು ಸರಿ ಮಾಡ್ತಿದ್ರು. ಯಾರೂ ಬೀಳ್ಲಿಲ್ಲವಲ್ಲೇ. ಯಾರೂ ಬೀಳ್ಲಿಲ್ಲ” ಎಂದಳು.

ಬೀಳಬಹುದಿತ್ತು ಎಂದೆ. ಆ ಮಾತು ನನ್ನ ಕಿವಿಗೇ ಪೊಳ್ಳಾಗಿ ಕೇಳಿಸಿತು. ನಡೆಯದೇ ಹೋದದ್ದನ್ನು ಅವಳಿಗೆ ಹೇಗೆ ತೋರಿಸಲಿ? ಆ ಕತ್ತಲು, ಆ ಗಾಳಿ ಕಂಡವಳು ನಾನೊಬ್ಬಳೇ. ಅಕ್ಕ ಬೀದಿಯ ತಿರುವು ದಾಟುವವರೆಗೂ ನೋಡುತ್ತ ನಿಂತೆ. ಆಗ, ಶುಕ್ರವಾರದೊಳಗೆ ಯಾರಾದರೂ ಒಬ್ಬರು ಬಿದ್ದಿದ್ದರೆ ಇವಳು ನನ್ನನ್ನು ನಂಬುತ್ತಿದ್ದಳು ಎಂದು ಅನ್ನಿಸಿತು. ಬಿದ್ದಿದ್ದರೆ ಚೆನ್ನಾಗಿತ್ತು ಎಂದೂ ಅನ್ನಿಸಿತು. ಒಂದು ಕ್ಷಣ ಅಷ್ಟೇ. ಆ ಬಾಗಿಲನ್ನು ನೆನೆದರೆ ಈಗ ಅಷ್ಟು ಹೆದರಿಕೆಯಾಗುವುದಿಲ್ಲ, ಆ ಕ್ಷಣವನ್ನು ನೆನೆದರೆ ಆಗುತ್ತದೆ.